ಮೂಗನ್ನು ಬಯ್ಯುವ ಮುಂಚೆ ಗದ್ದ ನೋಡಿ

ದಾವಣಗೆರೆಯ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ. ಈ ಸಲ ಮೂಗು ಮತ್ತು ಗದ್ದದ ಆಪರೇಷನ್.

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋದರು. "ಹುಡುಗಿ ಚೆನ್ನಾಗಿದ್ದಾಳೆ, ಮೂಗೊಂದು ಜಾಸ್ತಿ ಉದ್ದ ಆಯ್ತು" ಅಂತ ಬ್ರೋಕರ್ ಹತ್ತಿರ ಹೇಳಿ ಕಳಿಸಿದರಂತೆ. ಅವತ್ತಿನಿಂದ ಅಮ್ಮನದು ಒಂದೇ ಹಟ, ಆಪರೇಷನ್ ಮಾಡಿಸೋಣ ಅಂತ. ದೀಪಾವಳಿ ಆದಮೇಲೆ ಮತ್ತೆ ಗಂಡು ನೋಡಲು ಶುರು ಮಾಡುತ್ತಾರೆ. ಅಷ್ಟರೊಳಗೆ ಮೂಗು ಸಣ್ಣ ಆಗುತ್ತದೆಯೇ? ಎರಡು ಫೋಟೋ ಇಟ್ಟಿದ್ದೇನೆ.
– ಹೆಸರು ಬೇಡ, ಹರಿಹರ

ಉತ್ತರ: ತಂಗಿ, ಫೋಟೋ ಎರಡೂ ನೋಡಿದೆ. ಮೊದಲನೆಯದು ಸೆಲ್ಫಿ. ಅದನ್ನು ಪಕ್ಕಕ್ಕಿಡು. ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದಷ್ಟೂ ಮೂಗು ದಪ್ಪ ಕಾಣುತ್ತದೆ, ಯಾಕೆಂದರೆ ಮುಖದಲ್ಲಿ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಅದೇ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿದ್ದರು. 12 ಇಂಚು ದೂರದಿಂದ ತೆಗೆದ ಫೋಟೋದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಶೇಕಡಾ ಅಗಲ ಕಾಣುತ್ತದಂತೆ. ಸೆಲ್ಫಿ ತೋರಿಸಿ "ಇದನ್ನು ಸಣ್ಣ ಮಾಡಿ" ಎನ್ನುವವರಿಗೆ ನಾನು ಮೊದಲು ಹೇಳುವುದೇ, ಫೋನ್ ಬೇರೆಯವರ ಕೈಗೆ ಕೊಡಿ ಅಂತ.

ಎರಡನೆಯದು ಅಕ್ಕನ ಮದುವೆಯದು. ಆರತಿ ತಟ್ಟೆ ಹಿಡಿದು ಪಕ್ಕಕ್ಕೆ ತಿರುಗಿದ್ದೀಯ. ನಿನ್ನ ವಿಷಯ ಇರುವುದು ಅದರಲ್ಲಿ. ಮೂಗು ಸ್ವಲ್ಪ ಉದ್ದ, ನಿಜ. ಆದರೆ ಕೆಳತುಟಿಯಿಂದ ಕೆಳಗೆ ಕಣ್ಣು ಹಾಯಿಸು. ಗದ್ದ ಒಳಗೆ ಸರಿದು, ನೇರ ಕುತ್ತಿಗೆಗೇ ಇಳಿದ ಹಾಗಿದೆ. ಕೆಳಗೆ ಗದ್ದ ಹಿಂದೆ ಸರಿದಿದ್ದರೆ ಮೇಲಿರುವ ಮೂಗು ಇರುವುದಕ್ಕಿಂತ ಉದ್ದ ಕಾಣುತ್ತದೆ. ಗಂಡಿನ ಕಡೆಯವರಿಗೆ ಏನೋ ಹೆಚ್ಚುಕಮ್ಮಿ ಅನ್ನಿಸಿದೆ, ಯಾವುದು ಅಂತ ಗೊತ್ತಾಗದೆ ಮೂಗಿನ ಮೇಲೆ ಹಾಕಿದ್ದಾರೆ. ಇಂಥವರು ನನ್ನ ಹತ್ತಿರ ಬೇಕಾದಷ್ಟು ಜನ ಬರುತ್ತಾರೆ. ಮೂಗಿಗೆ ಅಂತ ಬಂದು ಗದ್ದದ ಮಾತು ಆಡಿಕೊಂಡು ಹೋಗುತ್ತಾರೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಐದಾರು ಅಡಿ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿ, ಫೋನ್ ಮುಖದ ಎತ್ತರಕ್ಕೇ ಹಿಡಿಸಿ, ಪಕ್ಕದಿಂದ ಒಂದು ಫೋಟೋ ತೆಗೆಸು. ತಲೆ ನೆಟ್ಟಗಿರಲಿ, ಗದ್ದ ಎತ್ತಬೇಡ, ಹಲ್ಲು ಮೆತ್ತಗೆ ಕೂಡಿರಲಿ. ಆ ಫೋಟೋದ ಮೇಲೆ ಸ್ಕೇಲ್ ಇಟ್ಟು ಮೂಗಿನ ತುದಿಯಿಂದ ಗದ್ದದ ತುದಿಗೆ ಒಂದು ಗೆರೆ ಎಳಿ. ತುಟಿಗಳು ಗೆರೆಯ ಮೇಲೋ, ಸ್ವಲ್ಪ ಒಳಗೋ ಇರಬೇಕು. ನಮ್ಮ ಕಡೆಯ ಮುಖಗಳಲ್ಲಿ ತುಟಿ ಗೆರೆಗೆ ತಾಗಿಕೊಂಡಿದ್ದರೂ ತಪ್ಪೇನಿಲ್ಲ. ಗೆರೆ ದಾಟಿ ಚೆನ್ನಾಗಿಯೇ ಹೊರಗೆ ಬಂದಿದ್ದರೆ ಒಂದೋ ಗದ್ದ ಹಿಂದಿದೆ, ಇಲ್ಲಾ ಹಲ್ಲು ಮುಂದಿದೆ.

ಅದಕ್ಕೇ ಮುಂದಿನ ಪರೀಕ್ಷೆ ಹಲ್ಲಿನದು. ಕನ್ನಡಿ ಮುಂದೆ ಹಲ್ಲು ಕಚ್ಚಿ ನೋಡು. ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುವುದು ಸಹಜ. ನಡುವೆ ಕಿರುಬೆರಳು ತೂರುತ್ತದೆ ಎಂದರೆ ಸಾಮಾನ್ಯವಾಗಿ ಕೆಳದವಡೆಯೇ ಹಿಂದೆ ನಿಂತಿರುತ್ತದೆ. ಆಗ ಬರೀ ಗದ್ದ ಮುಂದೆ ತಂದರೆ ಸಾಲದು, ಹಲ್ಲಿಗೆ ತಂತಿ ಹಾಕಿಸಿ ಆಮೇಲೆ ದವಡೆ ಸರಿಸಬೇಕಾಗಬಹುದು. ಅದು ವರ್ಷಗಟ್ಟಲೆ ಹಿಡಿಯುವ ಕೆಲಸ. ಪುಣ್ಯಕ್ಕೆ ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿವೆ, ಹಲ್ಲು ಸರಿಪಡಿಸುವ ವಿಭಾಗಕ್ಕೆ ಹೋಗಿ ಒಂದು ಪಕ್ಕದ ಎಕ್ಸ್‌ರೇ ತೆಗೆಸು. ನನ್ನ ಹತ್ತಿರ ಬರುವುದು ಅದಾದ ಮೇಲೆ.

ಹಲ್ಲು ಸರಿಯಾಗಿ ಕೂಡುತ್ತದೆ, ಗದ್ದ ಮಾತ್ರ ಚಿಕ್ಕದು ಎಂದಾದರೆ ಎರಡು ದಾರಿ. ಒಂದು, ಸಿಲಿಕೋನ್ ತುಂಡೊಂದನ್ನು ಮೂಳೆಯ ಮೇಲೆ ಕೂರಿಸುವುದು. ಕೆಲಸ ಬೇಗ ಮುಗಿಯುತ್ತದೆ, ಬೇಡ ಅನ್ನಿಸಿದರೆ ತೆಗೆಯಲೂಬಹುದು. ಆದರೆ ಹೊರಗಿನ ವಸ್ತು, ಸೋಂಕು ಆಗಬಹುದು, ಜಾಗ ಬಿಟ್ಟು ಸರಿಯಬಹುದು. ಇನ್ನೊಂದು ಜೀನಿಯೋಪ್ಲಾಸ್ಟಿ. ಕೆಳತುಟಿಯ ಒಳಗಡೆ ಕೊಯ್ದು, ಹಲ್ಲಿನ ಬೇರುಗಳ ಕೆಳಗೆ ಗದ್ದದ ಮೂಳೆಯನ್ನು ಅಡ್ಡ ಕತ್ತರಿಸಿ, ಮುಂದೆ ಜಾರಿಸಿ, ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿ ನಿಲ್ಲಿಸುತ್ತೇವೆ. ನಿನ್ನದೇ ಮೂಳೆ, ಹೊರಗೆ ಕಲೆಯೂ ಇಲ್ಲ. ನನ್ನ ಒಲವು ಇದರ ಕಡೆಗೇ. ಇದರಲ್ಲೂ ತೊಂದರೆ ಇಲ್ಲದಿಲ್ಲ. ತುಟಿ ಗದ್ದಕ್ಕೆ ಸ್ಪರ್ಶ ಕೊಡುವ ನರ ಅಲ್ಲೇ ಹೊರಗೆ ಬರುತ್ತದೆ, ಹಾಗಾಗಿ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕೆಳತುಟಿ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅಷ್ಟಿಷ್ಟು ಹಾಗೇ ಉಳಿದುಬಿಡುತ್ತದೆ. ಮೊದಲ ದಿನಗಳಲ್ಲಿ ಗಂಜಿ, ಮೆತ್ತನೆ ಅನ್ನ. ಮಂಡಕ್ಕಿ ಮಿರ್ಚಿಗೆ ನಾನು ಹೇಳುವ ತನಕ ಕೈ ಹಾಕಬಾರದು.

ಇದೆಲ್ಲ ಆದಮೇಲೂ ಮೂಗೇ ಉದ್ದ ಎನ್ನಿಸಿದರೆ, ಮೂಗನ್ನೂ ಸ್ವಲ್ಪ ತಿದ್ದಬಹುದು. ಎರಡನ್ನೂ ಒಟ್ಟಿಗೇ ಮಾಡುವುದುಂಟು. ಆದರೆ ದೀಪಾವಳಿ ಲೆಕ್ಕ ಬಿಡು. ಮೂಗಿಗೆ ಹಾಕುವ ಪಟ್ಟಿ ಒಂದು ವಾರಕ್ಕೆ ಬಿಚ್ಚುತ್ತೇವೆ, ಕಣ್ಣ ಕೆಳಗಿನ ನೀಲಿ ಎರಡು ವಾರದಲ್ಲಿ ಮಾಸುತ್ತದೆ, ಎದ್ದು ಕಾಣುವ ಬಾವು ಕೆಲವು ವಾರದಲ್ಲಿ ಇಳಿಯುತ್ತದೆ. ತುದಿಯ ಬಾವು ಪೂರ್ತಿ ಇಳಿಯಲು ಮಾತ್ರ ಒಂದು ವರ್ಷ ಬೇಕು. ಚರ್ಮ ದಪ್ಪ ಇದ್ದರೆ ಇನ್ನೂ ಜಾಸ್ತಿ. ಮದುವೆ ಗೊತ್ತಾಗಿರುವವರಿಗೆ ನಾನು ಆರು ತಿಂಗಳಾದರೂ ಬಿಡುವು ಕೇಳುತ್ತೇನೆ.

ಇನ್ನೊಂದು ಮಾತು, ಅಮ್ಮನಿಗೂ ಓದಿ ಹೇಳು. ನಿನ್ನ ಕಾಗದದಲ್ಲಿ "ನನಗೆ ಬೇಕು" ಅನ್ನುವ ಮಾತು ಎಲ್ಲೂ ಇಲ್ಲ. ಅಮ್ಮನಿಗೆ ಬೇಕು, ಬ್ರೋಕರ್‌ಗೆ ಬೇಕು. ಬಂದಾಗ ನೀನು ಒಬ್ಬಳೇ ಒಳಗೆ ಬಾ, ಅಮ್ಮ ಹೊರಗೆ ಕೂತಿರಲಿ. ನಾನು ಮೊದಲು ಕೇಳುವ ಪ್ರಶ್ನೆ ಅದೇ.

ಪ್ರಶ್ನೆ: ನಮ್ಮೂರ ಬ್ಯೂಟಿಪಾರ್ಲರ್‌ನಲ್ಲಿ "ಆಪರೇಷನ್ ಇಲ್ಲದೆ ಹತ್ತು ನಿಮಿಷದಲ್ಲಿ ಚೂಪು ಮೂಗು" ಅಂತ ಬೋರ್ಡ್ ಹಾಕಿದ್ದಾರೆ. ಇಂಜೆಕ್ಷನ್ ಅಷ್ಟೇ ಅಂತೆ. ಹೋಗಬಹುದೇ?
– ಗೃಹಿಣಿ, ಹೊಸದುರ್ಗ

ಉತ್ತರ: ಹೋಗಬೇಡಿ. ಅದು ಫಿಲ್ಲರ್, ಅಂದರೆ ಚರ್ಮದ ಕೆಳಗೆ ತುಂಬುವ ವಸ್ತು. ಹೆಚ್ಚಾಗಿ ಹಯಲುರಾನಿಕ್ ಆಸಿಡ್ ಎಂಬ ಜೆಲ್. ಒಳ್ಳೆಯ ಡಾಕ್ಟರ ಕೈಯಲ್ಲಿ ಗದ್ದಕ್ಕೋ ಮೂಗಿಗೋ ಹಾಕಿಸಿಕೊಂಡರೆ ಸುಮಾರು ಒಂದು ವರ್ಷ ನಿಲ್ಲುತ್ತದೆ, ಆಮೇಲೆ ಕರಗುತ್ತದೆ. ಆದರೆ ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ನಂಟಿದೆ. ಸೂಜಿ ನಾಳದ ಒಳಗೆ ಹೋಗಿ ಜೆಲ್ ಅಲ್ಲಿ ಸಿಕ್ಕಿಕೊಂಡರೆ ಮೂಗಿನ ಚರ್ಮ ಕಪ್ಪಾಗಿ ಕೊಳೆಯಬಹುದು, ಕಣ್ಣೇ ಹೋಗಬಹುದು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಮುಗಿಯಿತು. ಅಂಥ ಹೊತ್ತಿಗೆ ಜೆಲ್ ಕರಗಿಸುವ ಹಯಲುರಾನಿಡೇಸ್ ಔಷಧಿ ಕೈಯಳತೆಯಲ್ಲೇ ಇರಬೇಕು, ಅದನ್ನು ಕೊಡಲು ಗೊತ್ತಿರುವವರೂ ಇರಬೇಕು. ಪಾರ್ಲರ್‌ನಲ್ಲಿ ಯಾವುದಿದೆ?

ಯಾರ ಹತ್ತಿರ ಹೋದರೂ ಹೆಸರಿನ ಮುಂದಿನ ಅಕ್ಷರ ಓದಿ. ಮೂಗಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಆದವರು, ಇಲ್ಲವೇ ಈ ಕೆಲಸದಲ್ಲಿ ಪಳಗಿದ ಇಎನ್‌ಟಿ ಸರ್ಜನ್. ದವಡೆ ಗದ್ದಕ್ಕೆ ಮ್ಯಾಕ್ಸಿಲೋಫೇಶಿಯಲ್ (ಮುಖ, ದವಡೆಯ ಸರ್ಜರಿ) ಎಂ.ಡಿ.ಎಸ್. ಆದವರೂ ಆಗುತ್ತಾರೆ. "ಕಾಸ್ಮೆಟಾಲಜಿಸ್ಟ್" ಅಂತ ಮಾತ್ರ ಬರೆದಿದ್ದರೆ ಓದಿದ್ದೇನು ಅಂತ ಕೇಳಿ. ಸಂಕೋಚ ಬೇಡ, ಮುಖ ನಿಮ್ಮದು.

ಪ್ರಶ್ನೆ: ಕಬಡ್ಡಿ ಆಡುವಾಗ ಎದುರಾಳಿಯ ಮೊಣಕೈ ತಾಗಿ ಮೂಗು ಎಡಕ್ಕೆ ವಾಲಿದೆ. ಆಗಿ ಎರಡು ವರ್ಷ. ಬಲಹೊಳ್ಳೆ ಕಟ್ಟಿದ ಹಾಗೇ ಇರುತ್ತದೆ, ರಾತ್ರಿ ಬಾಯಿ ತೆರೆದು ಮಲಗುತ್ತೇನೆ. ಆಪರೇಷನ್ ಮಾಡಿಸಿದರೆ ಶೋಕಿ ಅಂತಾರೆ ಮನೆಯಲ್ಲಿ.
– ಓದುಗ, ಚಿತ್ರದುರ್ಗ

ಉತ್ತರ: ಉಸಿರಾಟ ಶೋಕಿ ಅಲ್ಲ ಅಂತ ಹೇಳಪ್ಪಾ. ಮೂಳೆ ಮುರಿದ ಹತ್ತು ಹದಿನಾಲ್ಕು ದಿನದೊಳಗೆ ಬಂದಿದ್ದರೆ ಕೈಯಲ್ಲೇ ಕೂರಿಸಿ ಕಳಿಸಬಹುದಿತ್ತು. ಈಗ ಅದು ವಾಲಿದಲ್ಲೇ ಕೂಡಿಕೊಂಡಿರುತ್ತದೆ, ಮತ್ತೆ ಬಿಡಿಸಿ ಕೂರಿಸಬೇಕು. ಜೊತೆಗೆ ಹೊಳ್ಳೆಗಳ ನಡುವಿನ ಗೋಡೆಯನ್ನೂ ನೇರ ಮಾಡಬೇಕು. ಎರಡೂ ಒಂದೇ ಸಲಕ್ಕೆ ಆಗುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡು. ಬಲಗೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲೇ ಎರಡು ಬೆರಳಿಟ್ಟು ಚರ್ಮವನ್ನು ಕಿವಿಯ ಕಡೆಗೆ ಮೆಲ್ಲಗೆ ಎಳೆದು ಉಸಿರು ತಗೋ. ತಟ್ಟನೆ ಸಲೀಸಾದರೆ ಹೊಳ್ಳೆಯ ಪಕ್ಕದ ಗೋಡೆಯೂ ಕುಸಿದಿದೆ ಎಂದು ಅನುಮಾನ ಪಡಬಹುದು. ಇದನ್ನು ಡಾಕ್ಟರಿಗೆ ಹೇಳು. ಹಾಗಿದ್ದರೆ ಮೂಗಿನ ಒಳಗಿಂದಲೋ ಕಿವಿಯಿಂದಲೋ ಮೆತ್ತನೆ ಮೂಳೆ ತೆಗೆದು ಆಸರೆ ಕೊಡುತ್ತೇವೆ. ನೋಡಲು ಚೆಂದ ಮಾಡುವ ಭರದಲ್ಲಿ ಈ ಆಸರೆಯನ್ನೇ ಕಿತ್ತುಹಾಕಿ, ಮೂಗು ಸಣ್ಣಗಾಗಿ ಉಸಿರೂ ಸಣ್ಣಗಾದವರು ಇದ್ದಾರೆ. ತಿದ್ದಿದ ಮೂಗನ್ನು ಮತ್ತೆ ತಿದ್ದುವುದು ಮೊದಲ ಸಲದಷ್ಟು ಸುಲಭವಲ್ಲ, ಅದಕ್ಕೂ ಒಂದು ವರ್ಷ ಕಾಯಬೇಕು.

ದುಡ್ಡಿನ ಮಾತು. ನಡುಗೋಡೆ ನೇರ ಮಾಡುವುದಕ್ಕೆ ವಿಮೆ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಷರತ್ತಿದೆ, ಓದಿ ನೋಡು. ಬರೀ ಅಂದಕ್ಕೆ ಮಾಡಿಸಿದರೆ ವಿಮೆಯೂ ಇಲ್ಲ, ಮೇಲೆ ಜಿಎಸ್‌ಟಿ ಬೇರೆ. ಗುಟ್ಕಾ, ಸಿಗರೇಟು ಇದ್ದರೆ ತಿಂಗಳ ಮುಂಚೆಯೇ ಬಿಡು, ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಆಪರೇಷನ್ ಆದಮೇಲೆ ಎರಡು ವಾರ ಮೂಗು ಸೀಟಬಾರದು. ಕಬಡ್ಡಿಯಂತೂ ಕೆಲವು ತಿಂಗಳು ಇಲ್ಲವೇ ಇಲ್ಲ.

ಪ್ರಶ್ನೆ: ದೇವರು ಕೊಟ್ಟ ಮೂಗನ್ನು ಕೊಯ್ಯುವ ಈ ಫ್ಯಾಷನ್ ವಿದೇಶದಿಂದ ಬಂದದ್ದಲ್ಲವೇ? ನಿಮ್ಮಂಥವರು ಇದಕ್ಕೆ ಕುಮ್ಮಕ್ಕು ಕೊಡುವುದು ಸರಿಯೇ?
– ನಿವೃತ್ತ ಶಿಕ್ಷಕರು, ಚಳ್ಳಕೆರೆ

ಉತ್ತರ: ಮೇಷ್ಟ್ರೇ, ಹೋದದ್ದು ಇಲ್ಲಿಂದ, ಬಂದದ್ದು ಅಲ್ಲಿಂದ. ಕೆನ್ನೆಯ ಚರ್ಮ ತಿರುಗಿಸಿ ಮೂಗು ಕಟ್ಟುವ ಬಗೆ ಸುಶ್ರುತ ಸಂಹಿತೆಯಲ್ಲೇ ಇದೆ. ಇನ್ನೊಂದು ಕತೆ ನಮ್ಮ ರಾಜ್ಯಕ್ಕೇ ಹತ್ತಿರದ್ದು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಜಿ ಎಂಬಾತ ಟಿಪ್ಪುವಿನ ಕಡೆಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಪುಣೆ ಹತ್ತಿರದ, ಇಟ್ಟಿಗೆ ಮಾಡುವ ಕಸುಬಿನ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿದ. ಹುಬ್ಬುಗಳ ನಡುವೆ ಒಂದು ಎಳೆ ಉಳಿಸಿಕೊಂಡು ಅದನ್ನು ಕೆಳಗೆ ತಿರುಗಿಸಿ ಕೂರಿಸಿದ. 1794ರ ಅಕ್ಟೋಬರ್‌ನಲ್ಲಿ ಇದು ಚಿತ್ರದ ಸಮೇತ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಹಾಗೇ ಮಾಡಿದ. ಕ್ಯಾನ್ಸರಿಗೋ ಅಪಘಾತಕ್ಕೋ ಮೂಗು ಹೋದವರಿಗೆ ಇವತ್ತಿಗೂ ನಾವು ಹಣೆಯ ಚರ್ಮವನ್ನೇ ಇಳಿಸುತ್ತೇವೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅಂತ ಗಾದೆ ಇದೆಯಲ್ಲಾ, ಬರುತ್ತದೆ ಮೇಷ್ಟ್ರೇ, ಸ್ವಲ್ಪ ಕಷ್ಟಪಟ್ಟು.

ಕುಮ್ಮಕ್ಕಿನ ಮಾತು ನನಗೂ ಚುಚ್ಚುತ್ತದೆ, ಸುಮ್ನೆ ಹೇಳುವುದಲ್ಲ. ಬೇರೆಯವರಿಗೆ ಕಾಣಿಸದ ಉಬ್ಬೊಂದನ್ನು ಹಿಡಿದು ದಿನಕ್ಕೆ ನೂರು ಸಲ ಕನ್ನಡಿ ನೋಡುವವರಿದ್ದಾರೆ. ಅವರಿಗೆ ಚಾಕು ಬೇಡ, ಮನೋವೈದ್ಯರು ಬೇಕು. ನಾನು ವಾಪಸ್ ಕಳಿಸುತ್ತೇನೆ. ಬಯ್ದುಕೊಂಡೇ ಹೋಗುತ್ತಾರೆ.

ಪ್ರಶ್ನೆ: ಮಗಳಿಗೆ 14. ಶಾಲೆಯಲ್ಲಿ "ಗಿಣಿ ಮೂಗು" ಅಂತ ರೇಗಿಸುತ್ತಾರೆ. ಈಗಲೇ ಮಾಡಿಸಿದರೆ ಒಳ್ಳೆಯದೇ?
– ತಾಯಿ, ಜಗಳೂರು

ಉತ್ತರ: ಈಗ ಬೇಡಮ್ಮ. ಹುಡುಗಿಯರಿಗೆ ಮೂಗು ಬೆಳೆದು ನಿಲ್ಲುವುದು ಸುಮಾರು 15–16ಕ್ಕೆ, ಹುಡುಗರಿಗೆ 17–18ಕ್ಕೆ. ದವಡೆಯೂ ಇನ್ನೂ ಬೆಳೆಯುತ್ತಿರುತ್ತದೆ, ಇವತ್ತಿನ ಗಿಣಿ ಮೂಗು ಮೂರು ವರ್ಷಕ್ಕೆ ಹಾಗೆ ಕಾಣದೇ ಹೋಗಬಹುದು. ರೇಗಿಸುವವರ ವಿಷಯ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ.

ಪ್ರಶ್ನೆ: ಮೂಗಿನ ಆಪರೇಷನ್ನಿಗೆ ಮೂಗುಬೊಟ್ಟು ತೆಗೆಯಲೇಬೇಕಾ? ಅತ್ತೆ ಒಪ್ಪುತ್ತಿಲ್ಲ.
– ಸೊಸೆ, ದಾವಣಗೆರೆ

ಉತ್ತರ: ತೆಗೆಯಲೇಬೇಕು. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತೇವೆ, ಮೈಮೇಲೆ ಲೋಹ ಇದ್ದರೆ ಸುಡುವ ಭಯ. ಮತ್ತೆ ಹಾಕುವುದು ಯಾವಾಗ ಎನ್ನುವುದನ್ನು ನಿಮ್ಮ ಸರ್ಜನ್ ಹೇಳಲಿ, ಅಷ್ಟರಲ್ಲಿ ತೂತು ಮುಚ್ಚಿಕೊಂಡರೂ ಮತ್ತೆ ಚುಚ್ಚಿಸಬಹುದು. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಬೊಟ್ಟನ್ನು ಅವರ ಕೈಗೇ ಕೊಟ್ಟು ಒಳಗೆ ಹೋಗುವಿರಂತೆ.