2-10 ದೊಡ್ಡದೋ, 2-4 ದೊಡ್ಡದೋ? ಗಾಜಿನ ಬಳೆಯ ಅಳತೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನಗೆ 2.4 ಅಳತೆಯ ಗಾಜಿನ ಬಳೆ ಸಡಿಲ. ಅದಕ್ಕಿಂತ ಚಿಕ್ಕದಿರಲಿ ಎಂದು ಆನ್‌ಲೈನ್‌ನಲ್ಲಿ 2.10 ತರಿಸಿದೆ. ಬಂದ ಬಳೆ ಕೈ ಇಳಿಬಿಟ್ಟರೆ ಜಾರಿ ಬೀಳುವಷ್ಟು ದೊಡ್ಡದು. ಅಂಗಡಿಯವರು ತಪ್ಪಿ ಕಳಿಸಿದರೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅವರು ಕಳಿಸಿದ್ದು ಸರಿಯಾಗಿಯೇ ಇದೆ. ಎಡವಟ್ಟಾಗಿದ್ದು ಆ ಚುಕ್ಕಿಯಿಂದ. ಅದು ದಶಾಂಶದ ಚುಕ್ಕಿಯಲ್ಲ. ಬಳೆಯ ಒಳವ್ಯಾಸವನ್ನು ಇಂಚಿನಲ್ಲಿ ಹೇಳುವಾಗ ಮೊದಲ ಅಂಕಿ ಪೂರ್ತಿ ಇಂಚು, ಎರಡನೆಯದು ಇಂಚಿನ ಹದಿನಾರನೆಯ ಭಾಗಗಳು. 2-4 ಎಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು. 2-8 ಅಂದರೆ ಎರಡೂವರೆ. ಆಣೆ ಲೆಕ್ಕ ಗೊತ್ತಿರುವ ಹಿರಿಯರಿಗೆ ಇದು ಗೊಂದಲವೇ ಅಲ್ಲ. 1957ರಲ್ಲಿ ನಯಾ ಪೈಸೆ ಬರುವವರೆಗೆ ರೂಪಾಯಿಗೂ ಹದಿನಾರು ಆಣೆಯೇ. ಎರಡು ರೂಪಾಯಿ ಹತ್ತಾಣೆ ಎರಡು ರೂಪಾಯಿ ನಾಲ್ಕಾಣೆಗಿಂತ ಹೆಚ್ಚು ಎಂದು ಆಗ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಒಳವ್ಯಾಸ ಸೆಂಟಿಮೀಟರಿನಲ್ಲಿ ಹೀಗೆ ಬರುತ್ತದೆ: 2-2 ಎಂದರೆ 5.4, 2-4 ಎಂದರೆ 5.7; 2-6 ಎಂದರೆ 6.0; 2-8 ಎಂದರೆ 6.35; 2-10 ಎಂದರೆ ಸುಮಾರು 6.7. ನಿಮಗೆ ಬೇಕಿದ್ದದ್ದು 2-2. ತರಿಸಿದ್ದು ಅದಕ್ಕಿಂತ ನಾಲ್ಕು ಅಳತೆ ದೊಡ್ಡದು.

ಇದರ ಉಲ್ಟಾ ತಪ್ಪೂ ಆಗುತ್ತದೆ. ಹಳೆಯ ಬಳೆಯನ್ನು ಇಂಚಿನ ಟೇಪಿನಲ್ಲಿ ಅಳೆದು, ಕ್ಯಾಲ್ಕುಲೇಟರ್ ಒತ್ತಿ, 2.6 ಇಂಚು ಎಂದು ಕಂಡು 2-6 ತರಿಸುವವರಿದ್ದಾರೆ. ದಶಾಂಶದ 2.6 ಇಂಚು ಎಂದರೆ 6.6 ಸೆಂಟಿಮೀಟರ್, ಅದು ಹೆಚ್ಚುಕಡಿಮೆ 2-10. ಅವರ ಕೈಗೆ 2-6 ಗೆಣ್ಣು ದಾಟುವುದೇ ಇಲ್ಲ. ಅಂಗಡಿಗೆ ಬರೆದು ಕಳಿಸುವಾಗ ಚುಕ್ಕಿ ಬಿಟ್ಟು ಗೆರೆ ಹಾಕಿ, ಪಕ್ಕದಲ್ಲಿ ಸೆಂಟಿಮೀಟರನ್ನೂ ಬರೆಯಿರಿ.

ಪ್ರಶ್ನೆ: ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಮದುವೆಗೆ ಎರಡು ದಿನ ಮೊದಲು ಊರಿಗೆ ಬರುತ್ತಾಳೆ. ಬಳೆ ಮೊದಲೇ ತಂದಿಡಬೇಕು. ಫೋನಿನಲ್ಲಿ ಅವಳ ಕೈ ಅಳತೆ ತೆಗೆದುಕೊಳ್ಳುವುದು ಹೇಗೆ?
— ಓದುಗರು, ದಾವಣಗೆರೆ

ಉತ್ತರ: ಮಣಿಕಟ್ಟಿನ ಅಳತೆ ಕೇಳಬೇಡಿ, ಹೆಚ್ಚಿನವರು ಅದನ್ನೇ ಅಳೆದು ಕಳಿಸುತ್ತಾರೆ. ಬಳೆ ಮಣಿಕಟ್ಟಿನಲ್ಲಿ ಇರುತ್ತದೆ ನಿಜ, ಆದರೆ ಅದು ಅಲ್ಲಿಗೆ ಹೋಗಬೇಕಾದ್ದು ಗೆಣ್ಣುಗಳನ್ನು ದಾಟಿ. ಮಣಿಕಟ್ಟು ಸಣ್ಣದಿದ್ದು ಗೆಣ್ಣು ಅಗಲವಿರುವ ಕೈಗಳು ಬಹಳ.

ಬಳೆ ತೊಡುವಾಗ ಹಿಡಿಯುವ ಹಾಗೆಯೇ ಕೈ ಹಿಡಿಯಲಿ: ನಾಲ್ಕು ಬೆರಳು ಜೋಡಿಸಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಅದರ ತುದಿ ಕಿರುಬೆರಳಿನ ಬುಡ ಮುಟ್ಟಬೇಕು. ಕೈ ಅತಿ ಅಗಲವಾಗಿ ಕಾಣುವ ಕಡೆ, ಬೆರಳ ಬುಡದ ಗೆಣ್ಣುಗಳನ್ನೂ ಹೆಬ್ಬೆರಳ ಬುಡದ ಮೂಳೆಯನ್ನೂ ಸೇರಿಸಿ, ದರ್ಜಿ ಟೇಪನ್ನು ಒಂದು ಸುತ್ತು ಹಾಕಲಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಟೇಪು ಇಲ್ಲದಿದ್ದರೆ ಒಂದು ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿ ಸುತ್ತಿ, ಸೇರುವ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ಬಿಡಿಸಿ ಸ್ಕೇಲಿನ ಮೇಲೆ ಇಡಲಿ. ದಾರ ಬೇಡ, ಎಳೆದರೆ ಹಿಗ್ಗುತ್ತದೆ.

ಬಂದ ಸುತ್ತಳತೆಯಿಂದ ಬಳೆಗೆ ಹೋಗುವುದು ತುಂಬಾ ಸುಲಭ: 17 ಸೆಂಟಿಮೀಟರ್ ಆದರೆ 2-2, 18 ಆದರೆ 2-4, 19ಕ್ಕೆ 2-6, 20ಕ್ಕೆ 2-8, 21ಕ್ಕೆ 2-10. ಒಂದು ಅಳತೆ ಏರಿದರೆ ವ್ಯಾಸ ಎಂಟನೆಯ ಒಂದು ಇಂಚು ಹೆಚ್ಚುತ್ತದೆ, ಅಂದರೆ 3.2 ಮಿಲಿಮೀಟರ್. ಅದು ಸುತ್ತಳತೆಯಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಗುತ್ತದೆ.

ನಡುವೆ ಬಂದರೆ, ಉದಾಹರಣೆಗೆ 18.5? ತೊಡಿಸುವವರು ಯಾರು ಎಂಬುದರ ಮೇಲೆ ನಿರ್ಧಾರ. ನುರಿತ ಬಳೆಗಾರರು ಬಳೆಯನ್ನು ನೇರ ತಳ್ಳುವುದಿಲ್ಲ. ಓರೆ ಹಿಡಿದು ಮೊದಲು ಕಿರುಬೆರಳ ಕಡೆಯ ಗೆಣ್ಣು ದಾಟಿಸಿ, ಇನ್ನೊಂದು ಕೈಯಲ್ಲಿ ಹೆಬ್ಬೆರಳ ಬುಡವನ್ನು ಅಮುಕಿ ಒಳಕ್ಕೆ ಒತ್ತುತ್ತಾ ಆ ಬದಿಯನ್ನು ಇಳಿಸುತ್ತಾರೆ. ಮೆತ್ತನೆಯ ಕೈಗೆ ಹೀಗೆ 2-4 ಏರುತ್ತದೆ. ಅವಳೇ ಹಾಕಿಕೊಳ್ಳುವುದಾದರೆ, ಅಥವಾ ಕೈ ಗಡುಸಾಗಿದ್ದರೆ, 2-6 ತನ್ನಿ. ಎರಡೂ ಕೈ ಅಳೆಯಲು ಹೇಳಿ. ಹೆಚ್ಚು ಬಳಸುವ ಕೈ ಸಾಮಾನ್ಯವಾಗಿ ತುಸು ದೊಡ್ಡದು, ದೊಡ್ಡ ಕೈಗೆ ಸರಿಯಾದ ಅಳತೆಯನ್ನೇ ಎರಡಕ್ಕೂ ಕೊಳ್ಳಿ.

ಅವಳ ಬಳಿ ಕೈಗೆ ಒಪ್ಪುವ ಹಳೆಯ ಬಳೆ ಇದ್ದರೆ ಇನ್ನೂ ಒಳ್ಳೆಯದು. ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಲಿ, ಅಡ್ಡಕ್ಕೂ ಉದ್ದಕ್ಕೂ ಎರಡು ಸಲ. ಹೊರ ಅಂಚು ಹಿಡಿದರೆ ಗಾಜಿನ ದಪ್ಪ ಎರಡೂ ಕಡೆ ಸೇರಿಕೊಳ್ಳುತ್ತದೆ. ಮೂರು ಮಿಲಿಮೀಟರ್ ದಪ್ಪದ ಬಳೆಯಾದರೆ ಆರು ಮಿಲಿಮೀಟರ್ ಹೆಚ್ಚು ಬಂದು, ಸುಮಾರು ಎರಡು ಅಳತೆ ತಪ್ಪುತ್ತದೆ.

ಪ್ರಶ್ನೆ: ಒಂದೇ ಡಜನ್, ಒಂದೇ ಅಳತೆ. ಹತ್ತು ಬಳೆ ಸರಾಗವಾಗಿ ಏರಿದವು, ಎರಡು ಹೆಬ್ಬೆರಳ ಹತ್ತಿರ ಪಟ್ಟನೆ ಮುರಿದವು. ಯಾಕೆ?
— ಓದುಗರು, ಹಾಸನ

ಉತ್ತರ: ಕೈಕೆಲಸದ ಬಳೆಯ ಗುಣವೇ ಅದು. ನಮ್ಮ ಅಂಗಡಿಗಳಿಗೆ ಬರುವ ಗಾಜಿನ ಬಳೆಯ ದೊಡ್ಡ ಪಾಲು ಉತ್ತರ ಪ್ರದೇಶದ ಫಿರೋಜಾಬಾದ್‌ನದು. ಅಲ್ಲಿ ಕರಗಿದ ಗಾಜನ್ನು ಎಳೆಯಾಗಿ ಎಳೆದು, ತಿರುಗುವ ಉರುಳೆಯ ಮೇಲೆ ಸ್ಪ್ರಿಂಗಿನಂತೆ ಸುತ್ತುತ್ತಾರೆ. ಆ ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದಾಗ ಬಾಯಿ ಬಿಟ್ಟ ಉಂಗುರಗಳು ಸಿಗುತ್ತವೆ. ಒಂದೊಂದರ ತುದಿಗಳನ್ನೂ ಉರಿಯಲ್ಲಿ ಕಾಯಿಸಿ ಬೆಸೆಯುತ್ತಾರೆ. ಆ ಬೆಸುಗೆ ಕೈಯದು. ತುದಿಗಳು ತುಸು ಒಂದರ ಮೇಲೊಂದು ಕೂತರೆ ಅಲ್ಲಿ ಒಳಕ್ಕೆ ಗಂಟು ಎದ್ದು ಒಳವ್ಯಾಸ ಕಡಿಮೆಯಾಗುತ್ತದೆ, ಬಳೆ ಮೊಟ್ಟೆಯಾಕಾರಕ್ಕೂ ಬರಬಹುದು.

ಇನ್ನು ಮುರಿಯುವುದು. ಒತ್ತಿ ಹಿಡಿದರೆ ಗಾಜು ತಾಳುತ್ತದೆ, ಎಳೆದರೆ ತಾಳದು. ಬಿಗಿ ಬಳೆ ಗೆಣ್ಣು ದಾಟುವಾಗ ಎರಡು ಬದಿಗೆ ಎಳೆದಂತಾಗುತ್ತದೆ. ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಒಂದು ಗೀಟಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಕೊಳ್ಳುವಾಗ ಡಜನ್ ಬಳೆಯನ್ನು ಗಾಜಿನ ಕೌಂಟರಿನ ಮೇಲೆ ಒಂದರ ಮೇಲೊಂದು ಪೇರಿಸಿ, ಕಣ್ಣು ಅದರ ಮಟ್ಟಕ್ಕೆ ತಂದು ನೋಡಿ. ಸೊಟ್ಟ ಇರುವುದು ಪಕ್ಕದ ಬಳೆಯ ಜೊತೆ ಸಂದಿ ಬಿಟ್ಟಿರುತ್ತದೆ. ಉಗುರನ್ನು ಒಳಗಿನಿಂದ ಒಂದು ಸುತ್ತು ಆಡಿಸಿದರೆ ಗಂಟು ತಡೆಯುತ್ತದೆ. ಬೆರಳಿಗೆ ತೂಗಹಾಕಿ ಇನ್ನೊಂದು ಬಳೆಯಿಂದ ಮೆಲ್ಲನೆ ತಟ್ಟಿ: ಗಟ್ಟಿ ಬಳೆ ಠಣ್ ಎನ್ನುತ್ತದೆ, ಬಿರುಕಿನದು ಒಡಕು ದನಿ ಕೊಡುತ್ತದೆ. ತೊಡುವಾಗ ಬೆಸುಗೆಯ ಜಾಗ ಹೆಬ್ಬೆರಳ ಮೂಳೆಯ ಮೇಲೆ ಬರದಂತೆ ತಿರುಗಿಸಿಕೊಳ್ಳಿ. ಇಷ್ಟೆಲ್ಲ ನೋಡಿದರೂ ಡಜನ್‌ಗೆ ಒಂದೆರಡು ಹೋಗುತ್ತವೆ. ಸಮಾರಂಭಕ್ಕಾದರೆ ಲೆಕ್ಕದ ಮೇಲೆ ಎರಡು ಹೆಚ್ಚಿಗೆ ಇಟ್ಟುಕೊಳ್ಳುವುದೇ ಜಾಣತನ.

ಪ್ರಶ್ನೆ: ಸೊಸೆಗೆ ಏಳು ತಿಂಗಳು. ಸೀಮಂತಕ್ಕೆ ಹಸಿರು ಬಳೆ ತೊಡಿಸಬೇಕು. ಅವಳದು ಮೊದಲಿನಿಂದ 2-4. ಅದನ್ನೇ ತರಲೇ?
— ಓದುಗರು, ಶಿವಮೊಗ್ಗ

ಉತ್ತರ: ಹೊಸದಾಗಿ ಅಳೆಯಿರಿ. ಈ ತಿಂಗಳುಗಳಲ್ಲಿ ಕೈ ಬೆರಳು ಊದುವುದು ಸಾಮಾನ್ಯ, ಸಂಜೆಯ ಹೊತ್ತಿಗೆ ಇನ್ನೂ ಹೆಚ್ಚು. ಅದಕ್ಕೇ ಅಳತೆಯನ್ನು ಸಂಜೆ ತೆಗೆಯಿರಿ. ಹೆಚ್ಚಿನವರಿಗೆ ಒಂದು ಅಳತೆ ಮೇಲಿನದು, ಇಲ್ಲಿ 2-6, ಬೇಕಾಗುತ್ತದೆ. ಉಂಗುರ ಕೂಡ ಬಿಗಿಯಾಗಿದ್ದರೆ 2-8 ನೋಡಿ. ಈ ಬಳೆಗಳನ್ನು ಹೆರಿಗೆಯವರೆಗೆ ತೆಗೆಯದ ಮನೆಗಳಿವೆ. ಇಂದು ಹಿತವಾಗಿ ಕೂತದ್ದು ಒಂಬತ್ತರಲ್ಲಿ ಚರ್ಮಕ್ಕೆ ಒತ್ತಬಾರದು. ತೊಡಿಸಿದ ಮೇಲೆ ಬಳೆ ಮತ್ತು ಮಣಿಕಟ್ಟಿನ ನಡುವೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ ಅಥವಾ ಜೊತೆಗೆ ತಲೆನೋವು, ಕಣ್ಣು ಮಂಜು ಬಂದರೆ ಬಳೆಯ ವಿಚಾರ ಬಿಟ್ಟು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದು ರಕ್ತದೊತ್ತಡದ ಲಕ್ಷಣ ಇರಬಹುದು.

ಮಿತಿಮೀರಿ ಸಡಿಲವೂ ಬೇಡ. ಸಡಿಲ ಬಳೆ ಕೈ ಬೀಸಿದಾಗ ಓಡಿಬಂದು ಗೆಣ್ಣಿಗೆ, ಕಟ್ಟೆಗೆ ಬಡಿಯುತ್ತದೆ. ಒಡೆಯುವುದು ಹೆಚ್ಚಾಗಿ ಅಂಥವೇ.

ಪ್ರಶ್ನೆ: ಚಿನ್ನದ ಬಳೆ 2-6 ಹಾಕುತ್ತೇನೆ. ಗಾಜಿನದೂ ಅದೇ ಅಳತೆ ಸಾಕೇ? ಅಗಲದ ಕಡಗಕ್ಕೆ?
— ಓದುಗರು, ಮೈಸೂರು

ಉತ್ತರ: ಸಪೂರ ಗಾಜಿನ ಬಳೆಗೆ ಅದೇ ಸಾಕು, ಓರೆ ಮಾಡಿ ಏರಿಸಬಹುದು. ಒಂದೂವರೆ ಸೆಂಟಿಮೀಟರ್ ಮೀರಿದ ಅಗಲದ ಕಡಗ ಓರೆಯಾಗುವುದಿಲ್ಲ, ಇಡೀ ಗೆಣ್ಣನ್ನು ಒಮ್ಮೆಗೇ ದಾಟಬೇಕು. ಅದಕ್ಕೆ 2-8. ತಿರುಪಿನ ಕಡಗವಾದರೆ ಮಾತ್ರ ಮಣಿಕಟ್ಟಿನ ಅಳತೆ ನೋಡಿ ಕೊಳ್ಳಿ.

ಪ್ರಶ್ನೆ: ಬಿಗಿ ಬಳೆ ಏರಿತು, ಈಗ ಇಳಿಯುತ್ತಿಲ್ಲ. ಒಡೆಯಲು ಮನಸ್ಸಿಲ್ಲ.
— ಓದುಗರು, ಬಳ್ಳಾರಿ

ಉತ್ತರ: ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಐದು ನಿಮಿಷ ಎತ್ತಿ ಹಿಡಿಯಿರಿ, ಊತ ಇಳಿಯುತ್ತದೆ. ಆಮೇಲೆ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಗ್ಲೌಸಿನಂತೆ ಕೈಗೆ ಹಾಕಿ, ಅದರ ಬಾಯಿಯನ್ನು ಬಳೆಯ ಕೆಳಗಿನಿಂದ ಮುಂಗೈ ಕಡೆಗೆ ತೂರಿಸಿ. ಚೀಲದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಹೆಬ್ಬೆರಳು ಮಡಚಿ, ಬಳೆಯನ್ನು ಓರೆ ಮಾಡಿ, ಹಾಕುವಾಗ ಕೊನೆಗೆ ದಾಟಿದ ಹೆಬ್ಬೆರಳ ಬದಿಯನ್ನೇ ಈಗ ಮೊದಲು ಇಳಿಸಿ. ಹಲವು ಬಳೆ ಇದ್ದರೆ ಒಂದೊಂದೇ ತೆಗೆಯಿರಿ, ಗುಂಪಾಗಿ ಎಳೆದರೆ ಒಂದಕ್ಕೊಂದು ತಾಗಿ ಒಡೆಯುತ್ತವೆ. ಬೆರಳು ಮರಗಟ್ಟಿದರೆ, ನೀಲಿಯಾದರೆ ಕಾಯಬೇಡಿ: ಬಳೆಯ ಕೆಳಗೆ ಮಡಚಿದ ಬಟ್ಟೆ ತೂರಿಸಿ, ಮೇಲೂ ಬಟ್ಟೆ ಸುತ್ತಿ, ಇಕ್ಕಳದಿಂದ ಚಿವುಟಿ. ಚೂರು ಬಟ್ಟೆಯೊಳಗೇ ಉಳಿಯುತ್ತದೆ.