ನೆಂಟರು ಹನ್ನೆರಡು, ಪಥ್ಯ ನಾಲ್ಕು: ಹಬ್ಬದೂಟ ಹೇಗೆ?

ಪ್ರಶ್ನೆ: ರಜೆಗೆ ಹನ್ನೆರಡು ಮಂದಿ ಊಟಕ್ಕೆ ಬರುತ್ತಿದ್ದಾರೆ. ಒಬ್ಬರಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಆಗುವುದಿಲ್ಲ. ಒಬ್ಬ ಹುಡುಗನಿಗೆ ಕಡಲೆಕಾಯಿ ಅಲರ್ಜಿ. ಇಬ್ಬರು ವೀಗನ್, ಪ್ರಾಣಿಮೂಲದ್ದೇನೂ ತಿನ್ನುವುದಿಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಅಡುಗೆ ಮಾಡಬೇಕೇ?

ಉತ್ತರ: ಖಂಡಿತ ಬೇಡ. ಐದು ಬಗೆ ಅಡುಗೆಗೆ ಹೊರಟರೆ ಕೈ ಸೋಲುತ್ತದೆ, ಆ ಗಡಿಬಿಡಿಯಲ್ಲೇ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋಗುತ್ತದೆ. ಮೊದಲು ಬರುವವರನ್ನು ಎರಡು ಸಾಲಾಗಿ ಬರೆದುಕೊಳ್ಳಿ. ಚೂರು ತಾಗಿದರೂ ತೊಂದರೆಯಾಗುವವರು ಒಂದು ಸಾಲು. ನಿಮ್ಮ ಪಟ್ಟಿಯಲ್ಲಿ ಸೀಲಿಯಾಕ್ ಇರುವವರು ಮತ್ತು ಆ ಹುಡುಗ. ಬಡಿಸುವಾಗ ನೋಡಿಕೊಂಡರೆ ಸಾಕಾಗುವವರು ಇನ್ನೊಂದು ಸಾಲು. ಮಾವನವರು ಇಲ್ಲಿ ಬರುತ್ತಾರೆ. ವೀಗನ್ ಇಬ್ಬರಿಗೆ ಪಾತ್ರೆಯೊಳಗೇ ಹಾಲು, ಬೆಣ್ಣೆ, ಮೊಟ್ಟೆ, ಜೇನು ಇರಬಾರದು, ಅಷ್ಟೇ.

ಮುಖ್ಯ ಅಡುಗೆಯೆಲ್ಲ ಈ ಐವರಿಗೂ ಹೊಂದುವಂತೆ ಇರಲಿ: ಅನ್ನ, ಬೇಳೆ, ಆಲೂಗಡ್ಡೆ, ಎಣ್ಣೆಯಲ್ಲಿ ಹುರಿದ ತರಕಾರಿ, ಹಣ್ಣು. ಬೆಣ್ಣೆ, ಕೆನೆ, ಚೀಸ್ ಮೇಜಿನ ಮೇಲೆ ಬೇರೆ ಬಟ್ಟಲಲ್ಲಿ, ಅದರದರ ಚಮಚದೊಂದಿಗೆ ಬರಲಿ. ಬೇಕಾದವರು ಹಾಕಿಕೊಳ್ಳುತ್ತಾರೆ. ಕಡಲೆಕಾಯಿಯನ್ನು ಮಾತ್ರ ಹೀಗೆ ಬಟ್ಟಲಲ್ಲಿಟ್ಟು ಪಾರಾಗಲು ಆಗದು. ಅವತ್ತು ಅದು ಮನೆಯೊಳಗೇ ಬೇಡ, ಗಾಣದ ಕಡಲೆಕಾಯಿ ಎಣ್ಣೆಯೂ ಬೇಡ. ಅದರಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ. ಬ್ರೆಡ್ ಬೇಕೆಂದರೆ ಕೊನೆಯಲ್ಲಿ, ಮೇಜಿನ ಒಂದು ತುದಿಯಲ್ಲಿ ಬಿಚ್ಚಿ.

ಅಳತೆ: ತಲೆಗೆ ಅಕ್ಕಿ 75 ಗ್ರಾಂ, ಒಣ ಬೇಳೆ 50ರಿಂದ 60 ಗ್ರಾಂ, ತರಕಾರಿ 200 ಗ್ರಾಂ. ಹನ್ನೆರಡು ಮಂದಿಗೆ 900 ಗ್ರಾಂ ಅಕ್ಕಿ ಸಾಕು. ಎಲ್ಲರೂ ತಿನ್ನಬಹುದಾದ ಪದಾರ್ಥಗಳನ್ನು ಮಾತ್ರ ಕಾಲು ಭಾಗ ಹೆಚ್ಚಿಗೆ ಮಾಡಿ. ಪಥ್ಯ ಇಲ್ಲದವರು ಮೊದಲು ಬಡಿಸಿಕೊಂಡು ಖಾಲಿ ಮಾಡಿದರೆ, ಬೇರೇನೂ ತಿನ್ನಲಾಗದವರು ಬರಿ ತಟ್ಟೆ ಮುಂದಿಟ್ಟುಕೊಂಡು ಕೂರಬೇಕಾಗುತ್ತದೆ. ಅದಕ್ಕೇ ಅವರಿಗೆ ಮೊದಲು ಬಡಿಸಿ.

ಮಾವನವರ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಅನ್ನ, ಕಾಲು ಬೇಳೆಯಂಥದ್ದು ಇರಲಿ. ಸಿಹಿಗೆ ಸಕ್ಕರೆಯ ಬದಲು ಜೇನು ಹಾಕಿದರೆ ಲಾಭವಿಲ್ಲ, ಅದೂ ಸಕ್ಕರೆಯೇ. ಇದಕ್ಕಿಂತ ಮುಖ್ಯವಾದದ್ದು ಹೊತ್ತು. ಎಷ್ಟು ಗಂಟೆಗೆ ಬಡಿಸುತ್ತೀರೆಂದು ಅವರಿಗೆ ಖಚಿತವಾಗಿ ಹೇಳಿ. ಒಂದು ಗಂಟೆಗೆ ಊಟವೆಂದು ಇನ್ಸುಲಿನ್ ಚುಚ್ಚಿಕೊಂಡವರಿಗೆ ಎರಡಕ್ಕೆ ತಟ್ಟೆ ಸಿಕ್ಕರೆ ಸಕ್ಕರೆ ಕುಸಿಯಬಹುದು. ನಡುಕ, ಬೆವರು, ತಬ್ಬಿಬ್ಬು ಕಂಡರೆ, ನುಂಗುವಷ್ಟು ಎಚ್ಚರವಿದ್ದಾಗ, 15 ಗ್ರಾಂ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ಪ್ರಶ್ನೆ: ಕಳೆದ ಸಲ ಗೋಧಿ, ಮೈದಾ ಏನೂ ಹಾಕದೆ ಅಡುಗೆ ಮಾಡಿದ್ದೆ. ಆದರೂ ಸೀಲಿಯಾಕ್ ಇರುವ ಅತಿಥಿಗೆ ಹೊಟ್ಟೆ ಕೆಟ್ಟಿತು. ಎಲ್ಲಿ ತಪ್ಪಿರಬಹುದು?

ಉತ್ತರ: ಬೇರೆ ಕಾರಣವೂ ಇರಬಹುದು, ಆದರೆ ಮೊದಲು ಪಾತ್ರೆಗಳನ್ನು ನೋಡಿ. ಸೀಲಿಯಾಕ್ ಇರುವವರಿಗೆ ಆಗದ ಗ್ಲುಟನ್ ಕ್ರಿಮಿಯಲ್ಲ, ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನ್. ಎಷ್ಟು ಕುದಿಸಿದರೂ ಸಾಯುವಂಥದ್ದು ಅದರಲ್ಲಿ ಏನೂ ಇಲ್ಲ. ‘ಗ್ಲುಟನ್ ರಹಿತ’ ಎಂದು ಕರೆಯಲು ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ಬ್ರೆಡ್ಡಿನ ಪುಡಿಯೊಂದು ತಟ್ಟೆಯನ್ನು ಕೆಡಿಸಲು ಸಾಕು.

ನಿಮ್ಮ ಬೆಣ್ಣೆ ಡಬ್ಬಿಯ ಮುಚ್ಚಳ ತೆಗೆದು ಬೆಳಕಿಗೆ ಹಿಡಿಯಿರಿ. ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಅದ್ದಿದ್ದರೆ, ಕಂದು ಪುಡಿ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಜಾಮ್ ಬಾಟಲಿಯದೂ ಇದೇ ಕಥೆ. ಆ ದಿನಕ್ಕೆ ಹೊಸದನ್ನು ಒಡೆಯಿರಿ. ಮರದ ಸೌಟಿನ ಬಿರುಕು, ಪಾಸ್ತಾ ಬಸಿಯುವ ಜಾಲರಿಯ ತೂತು, ಬ್ರೆಡ್ ಟೋಸ್ಟರ್ ಇವನ್ನು ತೊಳೆದು ನಂಬಲಾಗದು, ಪಕ್ಕಕ್ಕಿಡಿ. ಸ್ಟೀಲು ಪಾತ್ರೆ ಸೋಪಿನಲ್ಲಿ ಉಜ್ಜಿ ತೊಳೆದರೆ ಸಾಕು. ಹಿಟ್ಟು ಸವರಿ ಕರಿದ ಎಣ್ಣೆಯಲ್ಲಿ ಆಲೂಗಡ್ಡೆ ಕರಿಯಬೇಡಿ. ಗೋಧಿ ಹಿಟ್ಟಿನ ಕೆಲಸವಿದ್ದರೆ ಹಿಂದಿನ ದಿನವೇ ಮುಗಿಸಿ. ಹಾರಿದ ಹಿಟ್ಟು ಎಲ್ಲೆಂದರಲ್ಲಿ ಕೂರುತ್ತದೆ.

ಇನ್ನು ಡಬ್ಬಿಗಳು. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಸೂಪ್ ಕ್ಯೂಬ್, ಕೆಲವು ಮಸಾಲೆ ಪುಡಿಗಳಲ್ಲಿಯೂ ಹಿಟ್ಟು ಬೆರೆತಿರಬಹುದು. ಬಾರ್ಲಿ, ರೈ ಕೂಡ ಆಗದು. ಓಟ್ಸ್ ಹೆಚ್ಚಾಗಿ ಗೋಧಿಯ ಜೊತೆಯಲ್ಲೇ ಗಿರಣಿಗೆ ಹೋಗುತ್ತದೆ. ‘ಗ್ಲುಟನ್ ರಹಿತ’ ಎಂದಿದ್ದರೂ ಸೀಲಿಯಾಕ್ ಇರುವ ಕೆಲವರಿಗೆ ಓಟ್ಸೇ ಆಗದು, ಅತಿಥಿಯನ್ನು ಕೇಳಿಯೇ ಬಳಸಿ. ಬಳಸಿದ ಪೊಟ್ಟಣಗಳನ್ನು ಊಟ ಮುಗಿಯುವವರೆಗೆ ಎಸೆಯದಿರಿ, ಅವರೇ ಓದಿ ನೋಡಲಿ.

ಪ್ರಶ್ನೆ: ಹಾಲು ಆಗದ ಮಗುವಿಗೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲದ ಹಾಲಿನಲ್ಲಿ ಸಿಹಿ ಮಾಡಬಹುದೇ?

ಉತ್ತರ: ‘ಆಗದು’ ಎಂದರೆ ಏನೆಂದು ತಾಯಿಯನ್ನು ಕೇಳಿ. ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದಾದರೆ ಮಾಡಬಹುದು. ಅಲರ್ಜಿಯಾದರೆ ಬೇಡವೇ ಬೇಡ. ಅಲರ್ಜಿ ಹಾಲಿನ ಪ್ರೋಟೀನಿಗೆ, ಅದು ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಹಾಗೇ ಇರುತ್ತದೆ. ತುಪ್ಪದಲ್ಲೂ ಕುರುಹು ಉಳಿಯುತ್ತದೆ. ಮೇಕೆ ಹಾಲೂ ಪರಿಹಾರವಲ್ಲ, ಪ್ರೋಟೀನ್ ಬಹುಮಟ್ಟಿಗೆ ಒಂದೇ ತರಹದ್ದು. ತೆಂಗಿನ ಹಾಲು ಬಳಸಿ, ಅದೂ ಆಗುತ್ತದೆಯೇ ಎಂದು ಕೇಳಿಕೊಂಡು.

ಪ್ರಶ್ನೆ: ಕೇಕಿಗೆ ಮೊಟ್ಟೆಯ ಬದಲು ಅಗಸೆ ಹಾಕಿದೆ, ಒಳಗೆ ಅಂಟಂಟಾಯಿತು.

ಉತ್ತರ: ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಪುಡಿ, ಮೂರು ದೊಡ್ಡ ಚಮಚ ನೀರು, 10 ನಿಮಿಷ ನೆನೆಸಬೇಕು. ಇಡೀ ಬೀಜ ಹಾಕಿದರೆ ಪುಡಿಯಷ್ಟು ಚೆನ್ನಾಗಿ ಗಟ್ಟಿಯಾಗುವುದಿಲ್ಲ. ಎರಡು ಮೊಟ್ಟೆಗಿಂತ ಹೆಚ್ಚು ಬೇಡುವ ಕೇಕಿಗೆ ಇದು ಸಲ್ಲದು: ಅಗಸೆ ನೀರನ್ನು ಹಿಡಿದಿಡುತ್ತದೆಯೇ ಹೊರತು ಮೊಟ್ಟೆಯಂತೆ ಗಾಳಿ ತುಂಬಿ ಉಬ್ಬಿಸುವುದಿಲ್ಲ.

ಪ್ರಶ್ನೆ: ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ‘ಕಡಿಮೆ ಸೋಡಿಯಂ’ ಉಪ್ಪು ಹಾಕಿದರೆ ಒಳ್ಳೆಯದಲ್ಲವೇ?

ಉತ್ತರ: ದಯವಿಟ್ಟು ಹಾಕಬೇಡಿ. ಅದರಲ್ಲಿ ಸೋಡಿಯಂ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕದೆ, ಹೃದಯದ ಬಡಿತವೇ ಏರುಪೇರಾಗಬಹುದು. ಉಪ್ಪು ಹಾಕುವ ಮುನ್ನ ಅವರ ಪಾಲು ತೆಗೆದಿಡಿ, ನಿಂಬೆರಸ, ಮೆಣಸು, ಸೊಪ್ಪಿನಿಂದ ರುಚಿ ಕೊಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೂ ಅಲರ್ಜಿ ಕಾಣಿಸಿಕೊಂಡರೆ?

ಉತ್ತರ: ಕಡಲೆಕಾಯಿ ಅಲರ್ಜಿಯ ಹುಡುಗ ಬಂದ ಕೂಡಲೇ ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ಚುಚ್ಚುವ ಔಷಧಿ) ಎಲ್ಲಿದೆ, ಹೇಗೆ ಚುಚ್ಚಬೇಕು ಎಂದು ಪೋಷಕರಿಂದ ನೋಡಿ ತಿಳಿದುಕೊಳ್ಳಿ. ಉಸಿರು ಕಟ್ಟುವುದು, ದನಿ ಬದಲಾಗುವುದು, ನಾಲಿಗೆ ಊದುವುದು, ತಲೆ ಸುತ್ತಿ ಬೀಳುವುದು ಕಂಡರೆ ತೊಡೆಯ ಹೊರಬದಿಗೆ ಚುಚ್ಚಿ, ಆಂಬುಲೆನ್ಸ್ ಕರೆಯಿರಿ. ಅಲರ್ಜಿ ಮಾತ್ರೆ ಕೊಟ್ಟು ಕಾಯಬೇಡಿ, ಅದು ಈ ಹಂತಕ್ಕೆ ಸಾಲದು. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕೂರಿಸಿ, ಎದ್ದು ಓಡಾಡಲು ಬಿಡಬೇಡಿ. 5 ನಿಮಿಷದಲ್ಲಿ ಸುಧಾರಿಸದಿದ್ದರೆ, ಎರಡನೇ ಪೆನ್ ಇದ್ದರೆ ಅದನ್ನೂ ಚುಚ್ಚಿ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸಬಹುದು.