ಕಗ್ಗ ಮೊಳೆಯಲಿಲ್ಲ ಅಂತ ವಿಷಯ ಬದಲಿಸಬೇಡಿ

ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನದ ಮಾತು ಶುರುವಾದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಒಂದೇ ಪ್ರಶ್ನೆ: ‘ಸರ್, ಪ್ರೈಜ್ ಬರುವಂಥ ಮಾಡೆಲ್ ಹೇಳಿ.’ ಹೇಳುವುದಿಲ್ಲ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸಿದರೆ ನೋಡೋಕೆ ಚಂದ. ಅದರಲ್ಲಿ ಮಗು ಹುಡುಕಿದ್ದೇನು? ಈ ಸಲ ಒಂದು ಒಳ್ಳೆಯ ಪ್ರಶ್ನೆ ಬಂದಿದೆ. ಹೆಚ್ಚಿನ ಜಾಗ ಅದಕ್ಕೇ.

ಮಗಳು ಎಂಟನೇ ಕ್ಲಾಸು. ಕಗ್ಗ ಭತ್ತ ಉಪ್ಪುನೀರಲ್ಲೂ ಬೆಳೆಯುತ್ತದೆ ಅಂತ ತೋರಿಸಬೇಕು. ಒಂದು ಲೋಟ ಸಮುದ್ರದ ನೀರಿಗೆ ಬೀಜ ಹಾಕಿದೆವು, ಒಂದೂ ಮೊಳೆಯಲಿಲ್ಲ. ಇನ್ನು ಹದಿನೈದೇ ದಿನ ಇದೆ. ವಿಷಯ ಬದಲಿಸೋಣವೇ? (ಕುಮಟಾದ ಒಬ್ಬ ತಂದೆ)

ಬೇಡ. ಆದರೆ ಒಂದು ಹೇಳಿ, ಅದೇ ಬೀಜವನ್ನು ಬಾವಿ ನೀರಲ್ಲಿ ಹಾಕಿ ನೋಡಿದ್ದೀರಾ? ಇಲ್ಲ ಅಲ್ವಾ? ಹಾಗಾದರೆ ಉಪ್ಪಿಗೆ ಮೊಳೆಯಲಿಲ್ಲವೋ, ಬೀಜವೇ ಹಳೆಯದೋ, ಹೇಗೆ ಗೊತ್ತಾಗಬೇಕು? ಸಿಹಿನೀರಿನ ತಟ್ಟೆ ಇಲ್ಲದ ಪ್ರಯೋಗವನ್ನು ನಾನು ಪ್ರಯೋಗ ಅನ್ನುವುದಿಲ್ಲ.

ಇನ್ನೊಂದು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಘನಾಶಿನಿ ದಡದ ರೈತರೂ ಅಂಥ ನೀರಿಗೆ ಬಿತ್ತುವುದಿಲ್ಲ. ಮಳೆ ಮತ್ತು ಹೊಳೆಯ ನೀರು ಗಜನಿಯ (ಅಳಿವೆಯಂಚಿನ ತಗ್ಗು ಗದ್ದೆಯ) ಉಪ್ಪನ್ನು ತೊಳೆದ ಮೇಲೆ ಬಿತ್ತುತ್ತಾರೆ. ಮಾಣಿಕಟ್ಟದ ಕಡೆ ಒಬ್ಬ ರೈತರನ್ನು ಮಗಳೇ ಹೋಗಿ ಕೇಳಲಿ. ಅವರ ಮಾತನ್ನು ಅವಳ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಪ್ರಯೋಗಕ್ಕೆ ಸಮುದ್ರದ ನೀರು ಬೇಡವೇ ಬೇಡ. ಅಳಿವೆಯ ನೀರು ಭರತಕ್ಕೆ ಒಂದು ಥರ, ಇಳಿತಕ್ಕೆ ಇನ್ನೊಂದು ಥರ. ಮೇಲಾಗಿ ಮಕ್ಕಳು ಬಾಟಲಿ ಹಿಡಿದು ಬಂಡೆ ಮೇಲೆ ನಿಲ್ಲುವುದು ನನಗೆ ಆಗುವುದಿಲ್ಲ. ಸಾಣಿಕಟ್ಟಾ ಉಪ್ಪು ತನ್ನಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 20 ಗ್ರಾಂ ತೂಗಿಸಿ, ಕರಗಿಸಿ, ಒಟ್ಟು ಒಂದು ಲೀಟರ್ ಮಾಡಿ. ಅದರಲ್ಲಿ ಅರ್ಧಕ್ಕೆ ಅಷ್ಟೇ ಸಿಹಿನೀರು ಬೆರೆಸಿದರೆ ಲೀಟರಿಗೆ 10 ಗ್ರಾಂ. ಅದರ ಅರ್ಧಕ್ಕೆ ಮತ್ತೆ ಅಷ್ಟೇ ನೀರು, 5 ಗ್ರಾಂ. ಜೊತೆಗೆ ಬರೀ ಸಿಹಿನೀರು. ನಾಲ್ಕು ಬಗೆ ಆಯಿತು. ಪ್ರತಿ ಬಗೆಗೆ ಮೂರು ತಟ್ಟೆ, ತಟ್ಟೆಗೆ 25 ಬೀಜ. ಕಗ್ಗದ ಪಕ್ಕಕ್ಕೆ ಮನೆಯಲ್ಲಿರುವ ಬೇರೆ ಯಾವುದಾದರೂ ಬಿತ್ತನೆ ಭತ್ತವನ್ನೂ ಇಡಿ. ಹೋಲಿಸಲು ಏನೂ ಇಲ್ಲದೆ ಕಗ್ಗ ಗಟ್ಟಿ ಅಂದರೆ ಯಾರು ನಂಬುತ್ತಾರೆ?

ಮಡಚಿದ ಹತ್ತಿ ಬಟ್ಟೆಯ ಮೇಲೆ ಬೀಜ ಹರಡಿ, ಎಲ್ಲ ತಟ್ಟೆಗೂ ಒಂದೇ ಅಳತೆಯ ನೀರು ಹಾಕಿ, ಮುಚ್ಚಿಡಿ. ಬಟ್ಟೆ ಒಣಗಿದರೆ ಉಪ್ಪುನೀರು ಸುರಿಯಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತಟ್ಟೆಯಲ್ಲೇ ಉಳಿಯುತ್ತದೆ. ಹಾಗಾಗಿ ಸಿಹಿನೀರನ್ನೇ ಚಿಮುಕಿಸಿ. ಬಹಳ ಮಕ್ಕಳು ತಪ್ಪುವುದು ಇಲ್ಲೇ. 5 ಗ್ರಾಂ ಅಂತ ಚೀಟಿ ಅಂಟಿಸಿದ ತಟ್ಟೆ ನಾಲ್ಕನೇ ದಿನಕ್ಕೆ ಎಷ್ಟಾಗಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬಿಳಿ ಬೇರು ಎರಡು ಮಿಲಿಮೀಟರ್ ಹೊರಬಂದರೆ ಮೊಳೆತಿದೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ದಿನಾ ಒಂದೇ ಹೊತ್ತಿಗೆ ಎಣಿಸಿ, ಹತ್ತು ದಿನ. ಉಪ್ಪಿನಲ್ಲಿ ಬೀಜಕ್ಕೆ ನೀರು ಎಳೆದುಕೊಳ್ಳುವುದು ಕಷ್ಟ, ಮೊಳಕೆ ತಡವಾಗಬಹುದು. ಅದಕ್ಕೇ ಇವತ್ತೇ ಶುರು ಮಾಡಿ.

ಎರಡೂ ಭತ್ತ ಒಂದೇ ಥರ ಮೊಳೆತರೆ? ಹಾಗೇ ಬರೆಯಿರಿ. ಮೊಳೆಯುವ ಹೊತ್ತಿನ ಶಕ್ತಿ ಬೇರೆ, ಬೆಳೆದ ಗಿಡ ಉಪ್ಪು ತಡೆಯುವ ಶಕ್ತಿ ಬೇರೆ. ಅಂಕಿ ತಿದ್ದಿದರೆ ಗೊತ್ತಾಗುತ್ತದೆ. ಮೂರೂ ತಟ್ಟೆಯಲ್ಲಿ ಸರಿಯಾಗಿ 20, 20, 20 ಬಂದಿರುವ ಪಟ್ಟಿ ಕಂಡರೆ ನಾನಂತೂ ಮಗುವಿಗಿಂತ ಮೊದಲು ಅಪ್ಪನ ಮುಖ ನೋಡುತ್ತೇನೆ.

ಮೇಜಿನ ಮೇಲೆ ಹೊಳೆಯುವ ಥರ್ಮಾಕೋಲ್ ಬೇಡ. ದಿನಾ ಎಣಿಸಿ ಬರೆದ, ಕಲೆ ಬಿದ್ದ ಅವಳ ಪುಸ್ತಕ, ಒಂದು ಗ್ರಾಫ್, ನಾಲ್ಕು ತಟ್ಟೆ ಸಾಕು. ನಿರ್ಣಾಯಕರು ಬಂದಾಗ ನೀವು ಹಿಂದೆ ನಿಂತು ಪಿಸುಗುಟ್ಟಬೇಡಿ.

ಚಾರ್ಟ್ ಇಂಗ್ಲಿಷಿನಲ್ಲೇ ಇರಬೇಕೇ? (ಅಂಕೋಲಾ)

ಮಗು ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಅದರಲ್ಲಿರಲಿ.

ಜೀವಂತ ಏಡಿ, ಮೀನು ತಂದು ಇಡಬಹುದೇ? (ಕಾರವಾರ)

ಬೇಡ. ಸಂಜೆಯೊಳಗೆ ಸಾಯುತ್ತವೆ.

ಕರೆಂಟ್ ಇಲ್ಲದೆ ತನ್ನಷ್ಟಕ್ಕೆ ತಿರುಗುವ ಜನರೇಟರ್ ಮಾಡೆಲ್ ಒಬ್ಬರು ಮಾಡಿ ಕೊಡುತ್ತಾರಂತೆ. ತಗೊಳ್ಳಲೇ? (ಹೊನ್ನಾವರ)

ಹಾಕಿದ್ದಕ್ಕಿಂತ ಜಾಸ್ತಿ ಶಕ್ತಿ ಯಾವ ಯಂತ್ರದಿಂದಲೂ ಬರುವುದಿಲ್ಲ. ಪೀಠದ ತಳ ಬಿಚ್ಚಿ ನೋಡಿ, ಸೆಲ್ ಸಿಗುತ್ತದೆ.